ಪುಟದಂಚಿನ ಪೆನ್ಸಿಲ್ ಸಾಲುಗಳು

ಶ್ರೀನಿವಾಸಪುರದ ಗ್ರಂಥಾಲಯದಲ್ಲಿ ಎದುರಿನ ಕುರ್ಚಿ ಎಳೆದು ಕುಳಿತವನು, ಗಂಗಾಲಕ್ಷ್ಮಿಯನ್ನು ಒಂದು ಕ್ಷಣ ನೋಡಿ ತಡವರಿಸಿದ.

“ವಾರಪತ್ರಿಕೇಲಿ ‘ಓದಿನ ಸುಖ’ ಬರೆಯೋ ಮೇಡಂ ನೀವೇ ಅಲ್ವಾ? ನಾನು ಅಮರನಾಥ್. ರಾಯಲ್ಪಾಡಲ್ಲಿ ಟೊಮ್ಯಾಟೊ ಬೆಳೀತೀನಿ. ಆ ಲೋಟ ನೀರಿನ ಮಾತು... ಚೆನ್ನಾಗಿತ್ತು.”

ಅವಳ ಕಿವಿ ಬಿಸಿಯಾಯಿತು.

‘ಒಳ್ಳೆ ಪುಸ್ತಕ ಮುಗಿದ ಮೇಲೆ ಒಂದು ಲೋಟ ನೀರು ಕುಡಿಯಬೇಕು. ಅಷ್ಟು ದೂರ ಹೋಗಿ ಬಂದ ದಣಿವು ಆರಬೇಕಲ್ಲ.’ ಕೋಲಾರ, ಮುಳಬಾಗಿಲಿನವರೆಲ್ಲ ಮೆಚ್ಚಿದ್ದ ಆ ಸಾಲು ಅವಳದಲ್ಲ. ಗ್ರಂಥಾಲಯದ ಹಳೆಯ ಪುಸ್ತಕವೊಂದರ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದು. ಅಂಥ ಐದು ಸಾಲುಗಳನ್ನು ಅವಳು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದಳು. ಖಾಸಗಿ ಶಾಲೆಯ ಕನ್ನಡ ಮೇಡಂ!

“ಥ್ಯಾಂಕ್ಸ್,” ಎಂದಳು, ಪುಟ ತಿರುಗಿಸುತ್ತ.

ಆಮೇಲೆ ಪ್ರತಿ ಶನಿವಾರ ಅವನು ಬಂದ.

“ಓದುವಾಗ ನಿಮ್ಮ ತುಟಿ ಅಲ್ಲಾಡುತ್ತೆ, ಗೊತ್ತಾ?”

“ನೀವು ಪುಸ್ತಕ ನೋಡಿ, ತುಟಿ ಯಾಕೆ ನೋಡ್ತೀರಿ?”

“ಪುಸ್ತಕ ಆಮೇಲೂ ಸಿಗುತ್ತಲ್ಲ!”

ಅವನು ನಕ್ಕರೆ ಎಡಗಣ್ಣು ಸ್ವಲ್ಪ ಹೆಚ್ಚೇ ಮುಚ್ಚುತ್ತಿತ್ತು. ಅದನ್ನು ನೋಡಲೆಂದೇ ಅವಳು ಶನಿವಾರಕ್ಕೆ ಕಾಯತೊಡಗಿದಳು.

ಒಂದು ದಿನ ಅವಳಿಗಾಗಿ ಅವನು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದುಕೊಟ್ಟ. ‘ಳ’ದ ಬಾಲ ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು. ಪುಸ್ತಕದ ಅಂಚಿನಲ್ಲಿದ್ದ ಅದೇ ಅಕ್ಷರ! ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೊರಟುಬಿಟ್ಟಳು.

ಮೂರು ಶನಿವಾರ ಅತ್ತ ಸುಳಿಯಲಿಲ್ಲ. ‘ನಾನೇನಾದ್ರೂ ತಪ್ಪು ಮಾತಾಡಿದ್ನಾ?’ ಎಂದು ಅವನ ಮೆಸೇಜ್ ಬಂತು. ತಪ್ಪು ತನ್ನದು, ಕ್ಷಮೆ ಅವನು ಕೇಳುತ್ತಿದ್ದಾನೆ. ಅವಳು ಆ ರಾತ್ರಿಯೇ ಕೂತು ಎಲ್ಲವನ್ನೂ ಬರೆದು ಪತ್ರಿಕೆಗೆ ಕಳಿಸಿದಳು. ಮುಂದಿನ ಶನಿವಾರ ಗ್ರಂಥಾಲಯಕ್ಕೆ ಹೋಗಿ ಅವನೆದುರು ನಿಂತಳು.

“ಆ ಸಾಲುಗಳು ನಿಮ್ಮವು. ನಾನು ಕದ್ದೆ.”

“ಗೊತ್ತು. ಮೊದಲನೇ ದಿನ ಜಗಳ ಆಡೋಕೇ ಬಂದಿದ್ದೆ. ನಿಮ್ಮ ಮುಖ ನೋಡಿ ಬಾಯೇ ಬರ್ಲಿಲ್ಲ.”

“ಮತ್ತೆ ಇಷ್ಟು ದಿನ?”

“ಕೋಪ ಇತ್ತು ರೀ. ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ಕಾದೆ.”

ಅವಳು ತಲೆ ತಗ್ಗಿಸಿದಳು. ಅವನು ಮೆಲ್ಲಗೆ ಹೇಳಿದ: “ಬಿಸಿ ಮುದ್ದೆ ಮುರಿದಾಗ ಕನ್ನಡಕಕ್ಕೆ ಹಬೆ ಕೂತು, ಅಮ್ಮ ಕಾಣದೆ ನಗು ಮಾತ್ರ ಕೇಳಿಸ್ತು ಅಂತ ಅಂಕಣದಲ್ಲಿ ಬರೆದ್ರಲ್ಲ, ಅದು ನಿಮ್ದೇ. ಅಂಥದ್ದು ನನಗೆ ಬರಲ್ಲ. ಯಾಕೆ ಕದಿಯೋಕೆ ಹೋದ್ರಿ?”



ತಪ್ಪೊಪ್ಪಿಗೆ ಅಚ್ಚಾಯಿತು. ಅಂಕಣ ನಿಂತಿತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ನೀವೂ ಕಾಪಿ ಹೊಡೆದ್ರಾ?” ಎಂದಳು.

“ಹೌದಮ್ಮ. ತಪ್ಪು ಮಾಡ್ದೆ,” ಎಂದಳು. ಮುಂದಿನ ಪದ್ಯ ಓದಲು ಆ ಹುಡುಗಿಯ ಕೈಗೇ ಪುಸ್ತಕ ಕೊಟ್ಟಳು.

ಸಂಜೆ ಶಾಲೆಯ ಗೇಟಿನಾಚೆ ಬೈಕಿನ ಪಕ್ಕ ಅಮರನಾಥ್ ನಿಂತಿದ್ದ.

“ನಮ್ಮಮ್ಮ ನಿಮ್ಮನ್ನ ನೋಡ್ಬೇಕಂತೆ. ಪೇಪರ್ ಓದಿ ಹೇಳ್ದೆ.”

“ಎಲ್ಲಾನೂ?”

“ಎಲ್ಲಾನೂ. ‘ಪಾಪಂ, ಪಿಲ್ಚುಕೊನಿ ರಾರಾ’ ಅಂದ್ಳು ತೆಲುಗಲ್ಲಿ, ಪಾಪ, ಕರ್ಕೊಂಡು ಬಾರೋ ಅಂತ. ಕರ್ಕೊಂಡು ಬರೋಕೇ ಬಂದಿದ್ದೀನಿ.”

“ಯಾವ ಮುಖ ಇಟ್ಕೊಂಡು ಬರ್ಲಿ? ನಾಚಿಕೆ ಆಗುತ್ತೆ.”

“ಆಗ್ಲಿ ಬಿಡಿ. ನನಗೆ ನೀವು ಇಷ್ಟ ಗಂಗಾ. ನಾಚಿಕೆ ಹೋದ್ಮೇಲೆ ಬರ್ತೀನಿ ಅಂತ ಕಾಯ್ಬೇಡಿ, ಅದರ ಜೊತೇಲೇ ಬನ್ನಿ.”

ಅವಳು ಸೆರಗು ಸಿಕ್ಕಿಸಿಕೊಂಡು ಹಿಂದೆ ಕುಳಿತಳು. ಗೌನಿಪಲ್ಲಿ ದಾಟುವವರೆಗೂ ತಲೆ ಎತ್ತಲಿಲ್ಲ. ಆದರೆ ಅವಳ ಕೈ ಅವನ ಭುಜದ ಮೇಲಿತ್ತು.