ಕಳಚಿಟ್ಟ ಬ್ಯಾಡ್ಜು

ಮೊದಲ ದಿನವೇ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಅವರು ಮಿದುಳಿನ ಡಾಕ್ಟರು. ತಲೆಯೊಳಗೆ ರಕ್ತನಾಳ ಉಬ್ಬಿ ಇನ್ನೇನು ಒಡೆಯುತ್ತದೆ ಎನ್ನುವ ಜಾಗಕ್ಕೆ ತೆಳ್ಳನೆಯ ಕೊಳವೆ ತೂರಿಸಿ ಸ್ಟೆಂಟ್ ಇಡುವವರು. ಅವಳು ಸ್ಕ್ಯಾನ್ ಟೆಕ್ನಿಷಿಯನ್. ಸ್ಟೆಂಟ್ ನೆಟ್ಟಗೆ ಕೂತಿತೇ ಎಂದು ನೋಡಲು ರೋಗಿ ಟೇಬಲ್ಲಿನ ಮೇಲಿರುವಾಗಲೇ ಸಿ.ಟಿ. ತೆಗೆಯುವುದು ಅವಳ ಕೆಲಸ.

"ಪೂರ್ತಿ ತಲೆ ತೆಗೀರಿ, ಪೂರ್ತಿ ಡೋಸ್," ಅಂದರು.

"ಸ್ಟೆಂಟ್ ಇರೋದು ಕಿರುಬೆರಳಿನಷ್ಟು ಜಾಗದಲ್ಲಿ. ತಲೆಗೆಲ್ಲ ಯಾಕೆ ರೇಡಿಯೇಷನ್? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಯ್ತು ಡಾಕ್ಟ್ರೇ!"

ಮಾಸ್ಕಿನ ಮೇಲೆ ಅವರ ಕಣ್ಣು ನಕ್ಕವು. "ಓಹೋ, ಟೀಚರ್ ಬಂದ್ರು ಅನ್ನಿ."

ಅಂದಿನಿಂದ ಅವಳು ಟೀಚರ್. ಡ್ಯೂಟಿ ಮುಗಿದ ಮೇಲೆ ಇಬ್ಬರೂ ಪ್ಲಾಸ್ಟಿಕ್ ತಲೆಯೊಂದರೊಳಗೆ ಸ್ಟೆಂಟ್ ಇಟ್ಟು, ಸ್ಕ್ಯಾನಿನ ಚೌಕಟ್ಟು ಕಿರಿದು ಮಾಡಿ, ಡೋಸ್ ಇಳಿಸಿ ಇಳಿಸಿ ನೋಡತೊಡಗಿದರು. ಆ ತಲೆಗೆ ಲ್ಯಾಬಿನವರು ಇಟ್ಟ ಹೆಸರು ಮಾವ. ಅರ್ಧ ಡೋಸಿಗೇ ಸ್ಟೆಂಟಿನ ಎಳೆ ಎಳೆ ಕಂಡ ಸಂಜೆ ಅವರು ಚಿತ್ರ ಬಿಟ್ಟು ಅವಳನ್ನೇ ನೋಡಿದರು.

"ಮಾವ ಒಪ್ಪಿದ ಹಾಗಿದೆ. ಮಗಳದ್ದೇ ಗೊತ್ತಾಗ್ತಿಲ್ಲ."

ಅವಳು ಕೇಳಿಸದವಳಂತೆ ಮುಂದಿನ ಚಿತ್ರ ತೆರೆದಳು. ಕಿವಿ ಕೆಂಪಾಗಿದ್ದವು.

ಆಸ್ಪತ್ರೆಯ ಕಮಿಟಿ ಮೂರು ತಿಂಗಳ ಗಡುವು ಕೊಟ್ಟಿತು. ರೋಗಿಗೂ ಸಿಬ್ಬಂದಿಗೂ ಡೋಸ್ ಇಳಿದರೆ ಅವಳ ಪದ್ಧತಿ ಖಾಯಂ. ರೋಗಿಗಳದ್ದು ಅರ್ಧಕ್ಕೆ ಇಳಿಯಿತು. ಸಿಬ್ಬಂದಿಯ ಮೈಗೆ ತಾಗಿದ ಕಿರಣ ಅಳೆಯಲು ಎಲ್ಲರ ಕೊರಳಲ್ಲೂ ಬ್ಯಾಡ್ಜು. ಡಾಕ್ಟರ ಬ್ಯಾಡ್ಜಿನ ಅಂಕಿಯೊಂದು ಮಾತ್ರ ಬೇಕಾದಷ್ಟು ಇಳಿಯಲೊಲ್ಲದು. ಸ್ಕ್ಯಾನಿನ ಹೊತ್ತಿಗೆ ಎಲ್ಲರೂ ಗಾಜಿನ ಗೋಡೆಯ ಈಚೆಗೆ ಬಂದರೆ, ಅವರು ಕೊಳವೆ ಜಾರೀತೆಂದು ರೋಗಿಯ ಪಕ್ಕವೇ ನಿಲ್ಲುತ್ತಿದ್ದರು.

ಎರಡನೆಯ ತಿಂಗಳು ಅದೂ ಸರ್ರನೆ ಇಳಿಯಿತು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

"ನಿಮ್ಮ ಕೈಗುಣ ಟೀಚರ್," ಅಂದರು ಅವರು, ಎತ್ತಲೋ ನೋಡುತ್ತ.

ವರದಿ ಒಪ್ಪಿಸುವ ಹಿಂದಿನ ದಿನ ಸೀಸದ ಏಪ್ರನ್ ತರಲು ಹೋದವಳಿಗೆ ಗೂಟದಲ್ಲಿ ಅವರ ಅಂಗಿ ಕಂಡಿತು. ಜೇಬಿಗೆ ಸಿಕ್ಕಿಸಿದ ಬ್ಯಾಡ್ಜು. ಗಾಜಿನಾಚೆ ಅವರು ಬರಿಗೊರಳಲ್ಲಿ ರೋಗಿಯ ಪಕ್ಕ ನಿಂತಿದ್ದರು. ಜೊತೆಯ ಟೆಕ್ನಿಷಿಯನ್ ಗುಂಡಿ ಒತ್ತಿಯಾಗಿತ್ತು, ಯಂತ್ರ ಸುತ್ತುತ್ತಿತ್ತು.

ಹೊರಗೆ ಬಂದಾಗ ಕೇಳಿದಳು, "ಮರೆತ್ರಾ?" ಹೌದು ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಇಲ್ಲ. ಎರಡು ತಿಂಗಳಿಂದ ತೆಗೆದಿಡ್ತಿದೀನಿ. ನನ್ನೊಬ್ಬನಿಂದ ನಿಮ್ಮ ಕೆಲಸ ಬಿದ್ದುಹೋಗ್ತಿತ್ತು. ನೀವು ಸೋಲೋದನ್ನ ನೋಡೋಕೆ ನನ್ನಿಂದ ಆಗಲ್ಲ. ನೀವಂದ್ರೆ ನನಗೆ ಪ್ರಾಣ."

ಎಷ್ಟು ದಿನದಿಂದ ಕಾದಿದ್ದ ಮಾತು! ಅವಳಿಗೆ ಅಳು ಬಂತು.

"ನಿಮ್ಮ ಮೈಗೆ ಎಷ್ಟು ಹೋಗಿದೆ ಅಂತ ಈಗ ದೇವರಿಗೂ ಗೊತ್ತಿಲ್ಲ! ಒಂದು ಅಂಕಿ ಸುಳ್ಳು ಅಂದ್ಮೇಲೆ ಉಳಿದದ್ದನ್ನ ಯಾರು ನಂಬ್ತಾರೆ?"

"ಇದು ಗೊತ್ತಿರೋದು ನಮ್ಮಿಬ್ಬರಿಗೇ ಅಲ್ವಾ?"

"ನನಗೆ ಗೊತ್ತಾಯ್ತಲ್ಲ, ಅದೇ ಕಷ್ಟ."

ವರದಿಯಲ್ಲಿ ತನ್ನ ಕೈಯಾರೆ ನಿಜ ಬರೆದಳು. ಕಮಿಟಿ ಅವಳ ಪದ್ಧತಿಯನ್ನು ನಿಲ್ಲಿಸಿತು, ಡಾಕ್ಟರನ್ನು ಆ ಕೋಣೆಯಿಂದ ದೂರವಿಟ್ಟಿತು. ಅವರು ಬೇರೆ ಊರಿನಲ್ಲಿ, ಸ್ಟೆಂಟ್ ಇಡದೆ ಬರೀ ರೋಗಿಗಳನ್ನು ನೋಡುವ ಕೆಲಸ ಹಿಡಿದರು. ಹೊರಡುವ ದಿನ ಅವಳ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಕೋಪಾನಾ ಟೀಚರ್?"

"ಕೋಪ ಆಗಿದ್ರೆ ಎಷ್ಟೋ ಸುಲಭ ಇತ್ತು. ನನಗೂ ನೀವಂದ್ರೆ ಅಷ್ಟೇ ಇಷ್ಟ. ಆದ್ರೆ ನಾಳೆ ನೀವು ಮನೆಗೆ ಬಂದು, ಚೆನ್ನಾಗಿದೀನಿ ಕಣೇ ಅಂದ್ರೂ ನಾನು ನಂಬಲ್ಲ. ನನ್ನ ಖುಷಿಗೆ ಹೇಳ್ತಿದಾರೆ ಅಂತಲೇ ಅನ್ಸುತ್ತೆ. ಹಾಗೆ ಹೇಗೆ ಬಾಳೋದು?"

ಅವರು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು.

ಗಾಜಿನಾಚೆ ಟೇಬಲ್ಲಿನ ಮೇಲೆ ಚಿಕ್ಕ ವಯಸ್ಸಿನ ತಾಯಿಯೊಬ್ಬಳು ಮಲಗಿದ್ದಳು. ಸ್ಟೆಂಟ್ ಇಟ್ಟು ಆಗಿತ್ತು. ಹೊಸ ಡಾಕ್ಟರು ಗಾಜಿನ ಈಚೆಗೆ ಬಂದು ಕೈ ಎತ್ತಿ ಸನ್ನೆ ಮಾಡಿದರು. ಅವಳು ಕಣ್ಣೊರೆಸಿಕೊಂಡು ಪೂರ್ತಿ ಡೋಸಿನ ಗುಂಡಿ ಒತ್ತಿದಳು.