ಇಪ್ಪತ್ತೈದನೇ ದಿನ

ಎಂಟು ತಿಂಗಳ ಹಿಂದೆ ತೀರಿಕೊಂಡ ನಮ್ಮವರೂ ನಾನೂ ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡುತ್ತಿದ್ದೆವು. ರೋಗಿಗಳಿಗೆ ಹೊತ್ತುಹೊತ್ತಿಗೆ ಔಷಧಿ ಹರಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ನನ್ನ ತಪ್ಪು ಕಂಡರೆ ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಕಳೆದ ಬುಧವಾರ ಎಲ್ಲರೂ ಊಟಕ್ಕೆ ಹೋಗಿದ್ದರು. ದಿನಗಳನ್ನು ಮಿಲಿಸೆಕೆಂಡುಗಳಿಗೆ ಬದಲಿಸುವ ಕೋಡನ್ನು ನಾನು ಸಂಜೆಯೊಳಗೆ ಆಸ್ಪತ್ರೆಗೆ ಕಳಿಸಬೇಕಿತ್ತು. ಗುಣಾಕಾರದ ಸಾಲಿಗೆ ಬಂದಾಗ ಪಕ್ಕದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಮುಂದಿನ ಸಾಲಿಗೆ ಹೋದೆ, ಸದ್ದಿಲ್ಲ. ಹಿಂದಕ್ಕೆ ಬಂದೆ, ಮತ್ತೆ ಅದೇ ಸದ್ದು.

ಆ ಸಾಲನ್ನು ಕಾಗದದ ಮೇಲೆ ಲೆಕ್ಕ ಹಾಕಿದೆ. ಇಪ್ಪತ್ತೈದನೇ ದಿನ ಸಂಖ್ಯೆ ಯಂತ್ರದ ಮೆಮೊರಿಯಲ್ಲಿ ತನಗಿಟ್ಟ ಜಾಗದಲ್ಲಿ ಹಿಡಿಸದೆ ಉಕ್ಕಿ, ಮೈನಸ್ ಆಗುತ್ತಿತ್ತು. ಔಷಧಿಯ ಹೊತ್ತು ಎಂದೋ ಮೀರಿತೆಂದು ತಿಳಿದು ಯಂತ್ರ ಅದನ್ನು ಒಂದೇ ಸಮನೆ ಹರಿಸಿಬಿಡುತ್ತಿತ್ತು. ನಾವು ಪರೀಕ್ಷಿಸಿದ್ದು ಒಂದು ವಾರದಷ್ಟನ್ನು ಮಾತ್ರ.

ಜಾಗವನ್ನು ದೊಡ್ಡದು ಮಾಡಿ, ಗುಣಿಸುವ ಮೊದಲೇ ಹಿಡಿಸುತ್ತದೆಯೇ ಎಂದು ನೋಡುವ ಸಾಲನ್ನೂ ಸೇರಿಸಿದೆ. ಆ ಸದ್ದು ಮತ್ತೆ ಬರಲಿಲ್ಲ.

"ಥ್ಯಾಂಕ್ಸ್ ರೀ," ಎಂದೆ. ಅವರು ಹೋದ ಮೇಲೆ ಮೊದಲ ಸಲ ನನಗೆ ಅಳು ಬಂತು.

ನಮ್ಮ ಕೋಡನ್ನು ಪರೀಕ್ಷಿಸುವ ಟೆಸ್ಟಿಂಗ್ ಅಕ್ಕ ಊಟ ಮುಗಿಸಿ ಬಂದು, "ಏನೇ, ಊಟ ಬಿಟ್ಟು ಕಂಪ್ಯೂಟರನ್ನೇ ತಿಂತಿದೀಯಾ?" ಎನ್ನುತ್ತಾ ನಮ್ಮವರ ಖಾಲಿ ಕುರ್ಚಿಯಲ್ಲಿ ಕೂತವರು ತಟ್ಟನೆ ಎದ್ದರು.

"ಇದೇನೇ ಇಷ್ಟು ಬೆಚ್ಚಗಿದೆ? ಈಗ ತಾನೇ ಯಾರು ಎದ್ದು ಹೋದ್ರು?"

ನಾನೂ ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು.