ಸೀಸದ ಡಬ್ಬಿ, ಬೀರಪ್ಪನ ಆಣೆ

ಕಬ್ಬು ಕಡಿಯುವ ಮಚ್ಚು ನನ್ನ ಕುತ್ತಿಗೆಗೆ ತಾಗಿತ್ತು.

ಹರಿತ ಎಷ್ಟಿತ್ತು ಅಂತ ಕೇಳಬೇಡಿ... ಜೋರಾಗಿ ಉಸಿರು ಬಿಡಲೂ ಧೈರ್ಯ ಸಾಲುತ್ತಿರಲಿಲ್ಲ.

"ಇಳೀಲೇ ಸೋಮಲಿಂಗ," ಅಂದ ಪ್ರಭುಲಿಂಗ, ಆಚೆ ಕಿಟಕಿಯಿಂದ. ಈ ರಸ್ತೆಯಲ್ಲಿ ಗಾಡಿ ತಡೆದು ದೋಚುವವನು, ನಮಗೆಲ್ಲ ಗೊತ್ತಿದ್ದ ಮುಖ.

ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆ. ನಡು ಹಗಲು. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ಅಡ್ಡ ನಿಂತಿದೆ. ಹಿಂದೆ ಅವನ ಜೀಪು. ನಡುವೆ ಆಸ್ಪತ್ರೆಯ ಡ್ರೈವರ್ ನಾನು, ನನ್ನ ಬೊಲೆರೊ, ಪಕ್ಕದ ಸೀಟಿಗೆ ಬೆಲ್ಟು ಬಿಗಿದ ಸೀಸದ ಡಬ್ಬಿ.

ಡಬ್ಬಿಗೇ ಬಂದಿದ್ದರು. ಮುಧೋಳದ ಲ್ಯಾಬಿನ ಎದುರು ನಾನು ಅದನ್ನು ಎರಡೂ ಕೈಯಲ್ಲಿ ಏದುತ್ತ ಗಾಡಿಗಿಟ್ಟದ್ದನ್ನು ಇವನ ಕಡೆಯವರು ನೋಡಿದ್ದಾರೆ. ತಂಬಿಗೆಯಷ್ಟು ಡಬ್ಬಿ, ತುಂಬಿದ ಕೊಡದಷ್ಟು ಭಾರ. ಇವರ ಲೆಕ್ಕದಲ್ಲಿ ಹಾಗಿರುವುದು ಒಂದೇ... ಬಂಗಾರ!

"ಔಷಧ ಐತಿ," ಅಂದೆ. "ಕ್ಯಾನ್ಸರ್ ಹುಡುಕೂ ಔಷಧ."

"ಔಷಧ ಇಷ್ಟ್ ಭಾರ ಇರತೈತೇನಲೇ?"

"ಔಷಧ ನಾಕ್ ಹನಿ. ಅದು ಕಿರಣ ಬಿಡತೈತಿ, ಅದಕ್ಕ ಸುತ್ತ ಸೀಸ."

ನಕ್ಕ. ನಗಲಿ. ನನಗೆ ಪುರುಸೊತ್ತಿರಲಿಲ್ಲ. ಆ ಹನಿಗಳ ಕಸುವು ಎರಡು ತಾಸಾಗುವುದರೊಳಗೆ ಅರ್ಧ ಆರಿಹೋಗುತ್ತದೆ. ನಾವು ನಿಂತು ಮಾತಾಡುತ್ತಿದ್ದರೂ ಅದು ಆರುತ್ತಲೇ ಇರುತ್ತದೆ.

ಜಮಖಂಡಿಯ ಸ್ಕ್ಯಾನಿಂಗ್ ಕೋಣೆಯಲ್ಲಿ ಹುನ್ನೂರಿನ ಯಲ್ಲಕ್ಕ ಕಾಯುತ್ತಿದ್ದಳು. ಕುರಿ ಕಾಯುವ ಹೆಂಗಸು. ಕರುಳಿನ ಗಡ್ಡೆ ತೆಗೆದಾಗಿತ್ತು, ಆದರೆ ಮೈಯಲ್ಲಿ ಎಲ್ಲೋ ಒಂದು ಚೂರು ಉಳಿದಿತ್ತು. ಎಲ್ಲಿ ಅಂತ ಯಾವ ಸ್ಕ್ಯಾನಿಗೂ ಸಿಕ್ಕಿರಲಿಲ್ಲ. ಸಿಕ್ಕರೆ ಕೊಯ್ದು ತೆಗೆಯಬಹುದು. ಸಿಗದಿದ್ದರೆ ಆಕೆ ಉಳಿಯುವುದಿಲ್ಲ.

ಈ ಔಷಧ ರೂಪಿಸಿದವರು ಜಮಖಂಡಿ ಆಸ್ಪತ್ರೆಯ ಡಾಕ್ಟರ್ ಅಕ್ಷತಾ. ಯಲ್ಲಕ್ಕನಿಗೆ ಅವರು ಬಿಡಿಸಿ ಹೇಳುವಾಗ ನಾನೂ ಅಲ್ಲಿದ್ದೆ.

"ಎರಡು ಹಿಂಡು ಕೂಡಿದರ ನಿಮ್ಮ ಕುರಿ ಹೆಂಗ ಹುಡುಕ್ತೀರಿ, ಯಲ್ಲಕ್ಕ?"

"ಮೊದಲ ಬಣ್ಣ ಹಚ್ಚಿರತೇವಲ್ರೀ."

"ಇದೂ ಹಂಗರೀ. ಮೊದಲನೇ ಸೂಜಿ ಗಡ್ಡಿಗೆ ಗುರುತು ಹಚ್ಚತೈತಿ. ರಕ್ತದಾಗ ಉಳಿದದ್ದು ತೊಳದು ಹೋಗೂ ಮಟ ಕಾಯಬೇಕು. ಆಮ್ಯಾಲ ಎರಡನೇ ಸೂಜಿ. ಅದು ಆ ಗುರುತು ಹುಡುಕಿ, ಅಂಟಿಕೊಂಡು ಮಷೀನಿಗೆ ಕಾಣತೈತಿ."

ಗುರುತು ಸೋಮವಾರವೇ ಹಚ್ಚಿ ಆಗಿತ್ತು. ಇವತ್ತು ತಪ್ಪಿದರೆ ಅದೂ ಅಳಿಯುತ್ತದೆ. ಮತ್ತೊಮ್ಮೆ ಹಚ್ಚಿದರೆ ಮೈ ಒಪ್ಪುವ ಗ್ಯಾರಂಟಿ ಇಲ್ಲ ಅಂದಿದ್ದರು.

"ಡಬ್ಬಿ ಕೊಡು, ಜೀವ ಇಟ್ಕೊ," ಅಂದ ಪ್ರಭುಲಿಂಗ.

"ಕೊಡಂಗಿಲ್ಲ."

ಮಚ್ಚು ಒತ್ತಿತು. ಬಿಸಿ ರಕ್ತ ಕಾಲರಿಗೆ ಇಳಿಯಿತು. ನನಗೆ ಹೆದರಿಕೆಗಿಂತ ಸಿಟ್ಟು ಜಾಸ್ತಿ ಬಂತು.

"ಕೊಡಂಗಿಲ್ಲ ಅಂದ್ನೆಲ್ಲ. ಹೊಡಿ."

ಹೊಡೆಯಲಿಲ್ಲ. ಮಚ್ಚು ಹಿಡಿದವನು ಮಾಳು. ಅವನ ಹಣೆ ತುಂಬ ಭಂಡಾರ... ಬೀರಪ್ಪ ದೇವರ ಅರಿಸಿನ ಪುಡಿ. ಅದನ್ನು ಮುಟ್ಟಿ ಆಡಿದ ಮಾತನ್ನು ಆ ದೇವರ ಒಕ್ಕಲಿನವರು ತಳ್ಳಿಹಾಕುವುದಿಲ್ಲ. ನನ್ನ ಡ್ಯಾಶ್‌ಬೋರ್ಡಿನ ಮೇಲೆ ಯಲ್ಲಕ್ಕ ಕಟ್ಟಿಕೊಟ್ಟ ಭಂಡಾರದ ಪೊಟ್ಟಣವಿತ್ತು.

"ಮಾಳು, ಭಂಡಾರ ಮುಟ್ಟಿ ಹೇಳಿದರ ನಂಬತೀಯೇನು?"

ಮಚ್ಚು ತುಸು ಸರಿಯಿತು. ಪೊಟ್ಟಣ ಬಿಚ್ಚಿ ಅಂಗೈಗೆ ಸುರುವಿಕೊಂಡೆ.

"ಇದರಾಗ ಬಂಗಾರ ಇಲ್ಲ. ಹುನ್ನೂರ ಯಲ್ಲಕ್ಕನ ಔಷಧ ಐತಿ. ಬೀರಪ್ಪನ ಆಣಿ."

ಮಾಳು ಮಚ್ಚು ಕೆಳಗಿಳಿಸಿದ. "ಖರೆ ಹೇಳಾಕತ್ತಾನ, ಪ್ರಭಣ್ಣ. ಬಿಟ್ಟುಬಿಡೂಣು."

"ಆಣಿ-ಗೀಣಿ ನನಗ ಹೇಳಬ್ಯಾಡ!" ಪ್ರಭುಲಿಂಗ ಕಿಟಕಿಯೊಳಗೆ ಬಗ್ಗಿ ಡಬ್ಬಿಯ ಮುಚ್ಚಳಕ್ಕೆ ಬಲಗೈ ಹಾಕಿದ.

ನಾನು ಭಂಡಾರವನ್ನು ಪೊಟ್ಟಣಕ್ಕೆ ವಾಪಸ್ ಸುರುವಿ, ಕೈ ಸ್ವಚ್ಛ ಒರೆಸಿಕೊಂಡೆ. ಆಮೇಲೆ ಹೇಳಿದೆ.

"ತಗಿ. ಮುಟ್ಟಿದ ಕೈ ನಾಳಿಗೆ ಉದುರಿ ಬೀಳತೈತಿ."

ಕೆಂಡ ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. ನನಗೆ ಬೇಕಾದದ್ದು ಅಷ್ಟೇ. ಗೇರ್ ಹಾಕಿ, ಸ್ಟೇರಿಂಗ್ ತಿರುವಿ, ಕಟಾವಾದ ಕಬ್ಬಿನ ಹೊಲಕ್ಕೆ ಗಾಡಿ ಇಳಿಸಿದೆ. ಕೂಳೆ ಮುರಿಯುವ ಸದ್ದು... ಹಿಂದೆ ಜೀಪಿನ ಹಾರ್ನು... ಕನ್ನಡಿಯ ತುಂಬ ಅವನ ಬಂಪರ್! ಮುಂದಿನ ಹೊಲಕ್ಕೆ ನೀರು ಹಾಯಿಸಿದ್ದರು. ನಾನು ಬದುವಿನ ಮೇಲೆ ಹೋದೆ. ಅವನು ಅಡ್ಡ ಹಾಯಲು ಹೋಗಿ ಎರೆಮಣ್ಣಿನಲ್ಲಿ ಹೂತುಕೊಂಡ.

ಜಮಖಂಡಿ. ಅಕ್ಷತಾ ಡಬ್ಬಿ ಇಸಿದುಕೊಂಡು ಓಡಿದರು. ಅಳೆದು ನೋಡಿ, "ಕಡಿಮೆ ಆಗೇತಿ... ಆದ್ರ ಸಾಕು," ಅಂದರು.

ತಾಸು ಹೊತ್ತಾದ ಮೇಲೆ ಪರದೆಯಲ್ಲಿ, ಯಕೃತ್ತಿನ ಅಂಚಿಗೆ, ಒಂದೇ ಒಂದು ಚುಕ್ಕೆ ಹೊಳೆಯಿತು. ಕಾಳಿನಷ್ಟು. ಕೊಯ್ಯಬಹುದಾದ ಜಾಗ. ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

"ಸಿಕ್ಕಿತೇನಪಾ ನಮ್ಮ ಕುರಿ?" ಅಂದಳು ಯಲ್ಲಕ್ಕ.

"ಸಿಕ್ಕಿತಬೇ."

ಮರುದಿನ ಪ್ರಭುಲಿಂಗ ತಾನಾಗಿಯೇ ಆಸ್ಪತ್ರೆಗೆ ಬಂದ, ಬಲಗೈಗೆ ಟವೆಲ್ ಸುತ್ತಿಕೊಂಡು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಪೊಲೀಸರಿಗೆ ಫೋನ್ ಮಾಡಿ ಬಂದು ಪಕ್ಕದಲ್ಲಿ ಕೂತೆ.

"ಕೈ ಜುಮ್ ಅನ್ನಾಕತ್ತೈತೋ... ಖರೇನ ಉದುರತೈತೇನು?"

ಆ ಮಾತಿಗೆ ನಾನು ಆಣೆ ಮಾಡಿರಲಿಲ್ಲ. ಆದರೆ ಅದನ್ನು ಅವನಿಗೆ ಹೇಳಲಿಲ್ಲ. ಬಾಗಿಲಲ್ಲಿ ಬೂಟಿನ ಸದ್ದಾಯಿತು.

"ತಡಿ," ಅಂದೆ, "ಬೇಡಿ ಹಾಕೂ ಮಟ ಕೈ ಇದ್ದರ ಸಾಕು."